ಟೊಮ್ಯಾಟೊ ಇಲ್ಲದಿದ್ದರೆ?

ಯೂಟ್ಯೂಬಿನ ಒಗ್ಗರಣೆ ಮಂಡಕ್ಕಿ ವಿಡಿಯೋಗಳ ಬಗ್ಗೆ ನನ್ನದು ಒಂದೇ ತಕರಾರು. ಏನೇನು ಹಾಕಬೇಕು ಅಂತ ಎಲ್ಲರೂ ಹೇಳ್ತಾರೆ, ಯಾಕೆ ಹಾಕಬೇಕು ಅಂತ ಹೇಳೋರು ಕಡಿಮೆ. ಮಂಡಕ್ಕಿಯನ್ನು ಅರ್ಧ ನಿಮಿಷ ನೆನೆಸಬೇಕಂತೆ. ಯಾವ ಮಂಡಕ್ಕಿ ಸ್ವಾಮಿ? ದಾವಣಗೆರೆಯ ಭಟ್ಟಿಯಿಂದ ನಿನ್ನೆ ಬಂದಿದ್ದೋ, ಬೆಂಗಳೂರಿನ ಅಂಗಡಿಯಲ್ಲಿ ತಿಂಗಳಿಂದ ಕೂತ ಪ್ಯಾಕೆಟ್ಟೋ?

ಹರಿಹರದ ಹತ್ತಿರದ ನಮ್ಮೂರಲ್ಲಿ ಅವ್ವ ಇದಕ್ಕೆಲ್ಲ ಗಡಿಯಾರ ನೋಡಿದ್ದೇ ಇಲ್ಲ. ನೀರಲ್ಲಿ ಮುಳುಗಿಸೋದು, ಬೆರಳಿಗೆ ಮೆತ್ತಗೆ ಹತ್ತಿದ ಕೂಡಲೇ ಹಿಂಡಿ ತೆಗೆಯೋದು. ಮಂಡಕ್ಕಿ ಅಂದ್ರೆ ಮೊದಲೇ ಬೆಂದು ಅರಳಿದ ಅಕ್ಕಿ. ಅದನ್ನು ನಾವು ಬೇಯಿಸಲ್ಲ, ಹದವಾಗಿ ಒದ್ದೆ ಮಾಡಿ ಒಗ್ಗರಣೆಯಲ್ಲಿ ಬಿಸಿ ಮಾಡ್ತೀವಿ ಅಷ್ಟೆ. ಕೊನೆಗೆ ಉದುರಿಸೋ ಪುಟಾಣಿ ಹಿಟ್ಟು ರುಚಿಗೂ ಹೌದು, ಹೆಚ್ಚಾದ ನೀರು ಹೀರೋದಕ್ಕೂ ಹೌದು. ಇಷ್ಟು ಗೊತ್ತಿದ್ದರೆ ಮಂಡಕ್ಕಿ ಸ್ವಲ್ಪ ಜಾಸ್ತಿ ನೆನೆದ್ರೂ ಗಾಬರಿಯಿಲ್ಲ, ಇನ್ನೊಂದು ಚಮಚ ಹಿಟ್ಟು. ಟೊಮ್ಯಾಟೊ ಇಲ್ವಾ? ಬೇಕಿರೋದು ಹುಳಿ, ನಿಂಬೆಹಣ್ಣು, ಹುಣಸೆರಸ, ಸೀಸನ್ನಿದ್ದರೆ ತುರಿದ ಮಾವಿನಕಾಯಿ. ಪುಟಾಣಿಯೂ ಇಲ್ವಾ? ಶೇಂಗಾ ಪುಡಿ ಹಾಕಿ. ರುಚಿ ಬೇರೆ ಆಗುತ್ತೆ, ಆಗಲಿ.

ವಿಡಿಯೋ ಮಾಡೋರು ಇದನ್ನ ಹೇಳದೇ ಇರೋದರಿಂದಲೇ, ರಾತ್ರಿ ಒಂಬತ್ತೂವರೆಗೆ ಕಾಲ್ ಮುಗಿಸಿದ ನಮ್ಮ ಟೀಮಿನ ಹುಡುಗ ಮನೆಯಲ್ಲಿ ಈರುಳ್ಳಿ, ಹಸಿಮೆಣಸಿನಕಾಯಿ, ಮಂಡಕ್ಕಿ ಎಲ್ಲ ಇದ್ದೂ ಕರಿಬೇವಿಲ್ಲ ಅಂತ ಆರ್ಡರ್ ಮಾಡಿ ಮುಕ್ಕಾಲು ಗಂಟೆ ಹಸಿದು ಕೂರ್ತಾನೆ. ಪಾಕವಿಧಾನ ಅವನಿಗೆ ಅಡುಗೆ ಕಲಿಸಲಿಲ್ಲ, ಸಾಮಾನಿನ ಪಟ್ಟಿ ಕೊಟ್ಟಿತು.

ಒಂದು ಮಾತು ಮಾತ್ರ ಆ ವಿಡಿಯೋದೋರದ್ದೇ ಸರಿ: ಜೊತೆಗೆ ಮೆಣಸಿನಕಾಯಿ ಬಜ್ಜಿ ಇರಲೇಬೇಕು. ಅದನ್ನ ಬೇಕಾದ್ರೆ ಅಂಗಡಿಯಿಂದ ತನ್ನಿ, ನಾನೂ ತರ್ತೀನಿ.