ಡ್ಯಾಮಿನ ಮಟ್ಟ ನೋಡಿ ದ್ವೀಪಕ್ಕೆ ಹೊರಡಿ

ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಆದ ಮೇಲೆ ನಮ್ಮ ಕಡೆಯ ಮದುವೆ ಊಟದ ಪಂಕ್ತಿಯ ಮಾತೇ ಬದಲಾಗಿದೆ. ಮೊದಲೆಲ್ಲ ಅನ್ನಕ್ಕೆ ಸಾರು ಬರುವ ಹೊತ್ತಿಗೆ ಅಡಿಕೆ ರೇಟು ಶುರುವಾಗುತ್ತಿತ್ತು. ಈಗ ಅಡಿಕೆಯ ಬೆನ್ನಿಗೇ ಮಾಲ್ಡೀವ್ಸ್, ಅಂಡಮಾನ್ ಬರುತ್ತವೆ. "ಮಕ್ಕಳಿಗೆ ರಜಾ ಉಂಟು, ಈ ಸಲ ಮನೆಯವರೆಲ್ಲ ಸೇರಿ ಯಾವುದಾದ್ರೂ ಐಲ್ಯಾಂಡ್ ರೆಸಾರ್ಟಿಗೆ ಹೋಗೋಣ ಅಂತಿದೀವಿ, ಯಾವುದು ಒಳ್ಳೇದು ಮಾರಾಯ್ರೆ?" ಎಂದು ಕೇಳುವವರು ಹೆಚ್ಚಾಗಿದ್ದಾರೆ. ನನ್ನ ಉತ್ತರ ಒಂದೇ: ಮೊದಲು ಲಕ್ಕವಳ್ಳಿಗೆ ಹೋಗಿ ಬನ್ನಿ. ಕೇಳಿದವರ ಮುಖ ಸಪ್ಪೆಯಾಗುತ್ತದೆ. ಲಕ್ಕವಳ್ಳಿಯಾ? ಶಾಲೆಯಲ್ಲಿದ್ದಾಗ ಚಿತ್ರಾನ್ನ ಕಟ್ಟಿಕೊಂಡು ಡ್ಯಾಮು ನೋಡಲು ಹೋಗಿದ್ದೆವಲ್ಲ, ಅದೇ ಲಕ್ಕವಳ್ಳಿಯಾ?

ಅದೇ. ಭದ್ರಾವತಿಯಿಂದ ಹೊರಟರೆ ಶಂಕರಘಟ್ಟ, ಕುವೆಂಪು ವಿಶ್ವವಿದ್ಯಾಲಯ, ಬಿಆರ್‌ಪಿ, ಆಮೇಲೆ ಲಕ್ಕವಳ್ಳಿ. ತಾಲ್ಲೂಕು ತರೀಕೆರೆ, ಜಿಲ್ಲೆ ಚಿಕ್ಕಮಗಳೂರು. ಆದರೆ ಭದ್ರಾವತಿಯವರು ಆ ಗಡಿಯನ್ನು ಎಂದೂ ಲೆಕ್ಕಕ್ಕೆ ಇಟ್ಟವರಲ್ಲ. ಅಲ್ಲಿ ಭದ್ರಾ ಹಿನ್ನೀರಿನ ಅಂಚಿನ ಗುಡ್ಡದ ಮೇಲೆ ಜಂಗಲ್ ಲಾಡ್ಜಸ್‌ನ ರಿವರ್ ಟರ್ನ್ ಲಾಡ್ಜ್ ಇದೆ. 1980ರಲ್ಲಿ ಹುಟ್ಟಿ ಕಬಿನಿಯಿಂದ ಕೆಲಸ ಶುರುಮಾಡಿದ ರಾಜ್ಯ ಸರ್ಕಾರದ ಸಂಸ್ಥೆ ಈ ಜಂಗಲ್ ಲಾಡ್ಜಸ್. ಎದುರಿಗೆ ಭದ್ರಾ ಅಭಯಾರಣ್ಯದ ಗುಡ್ಡಸಾಲು, ನಡುವೆ ನೀರು, ನೀರಿನಲ್ಲಿ ಅಲ್ಲಲ್ಲಿ ತಲೆ ಎತ್ತಿದ ನಡುಗಡ್ಡೆಗಳು. ತೆಂಗಿನ ಮರ, ಬಿಳಿ ಮರಳು ಇಲ್ಲ. ತೇಗ, ಬಿದಿರು, ಕೆಂಪು ಮಣ್ಣು ಇದೆ. ಉಷ್ಣವಲಯದ ದ್ವೀಪಕ್ಕೆ ಹೋಗಬೇಕೆಂದು ಹಂಬಲಿಸುವವರು ತಾವು ಹುಟ್ಟಿದಂದಿನಿಂದ ಉಷ್ಣವಲಯದಲ್ಲೇ ಇದ್ದೇವೆಂಬುದನ್ನು ಯಾಕೋ ಮರೆಯುತ್ತಾರೆ.

ಲಕ್ಕವಳ್ಳಿಯನ್ನೇ ಹೇಳುವುದು ಊರ ಮೇಲಿನ ಅಭಿಮಾನಕ್ಕಲ್ಲ. ದ್ವೀಪದ ರಜೆ ಯಾರ ಗಡಿಯಾರದ ಪ್ರಕಾರ ನಡೆಯುತ್ತದೆ ಎಂಬುದು ಅಲ್ಲಿ ತಿಳಿದಷ್ಟು ಅಗ್ಗವಾಗಿ ಬೇರೆಲ್ಲೂ ತಿಳಿಯುವುದಿಲ್ಲ.

ನಮ್ಮ ಸೀಮೆಯ ಬಹುಪಾಲು ದ್ವೀಪಗಳು ಸಮುದ್ರದಿಂದ ಎದ್ದವಲ್ಲ, ಮುಳುಗಡೆಯಲ್ಲಿ ಉಳಿದ ಗುಡ್ಡದ ನೆತ್ತಿಗಳು. ಭದ್ರಾ ಜಲಾಶಯದ ಪೂರ್ಣ ಮಟ್ಟ 186 ಅಡಿ, ಸಾಮರ್ಥ್ಯ 71.5 ಟಿಎಂಸಿ. ತುಂಬಿದಾಗ ಕಾಡಿನ ಬುಡಕ್ಕೇ ನೀರು ತಾಗುತ್ತದೆ. ನೀರು ಇಳಿಯುತ್ತ ಬಂದಂತೆ ಕೆಂಪು ದಂಡೆ ಅಗಲವಾಗುತ್ತದೆ, ಒಣಗಿದ ಮರಗಳ ಬುಡ ಕಾಣುತ್ತದೆ, ಮಳೆಗಾಲದಲ್ಲಿ ಇಲ್ಲದ ದಿಬ್ಬಗಳು ಏಳುತ್ತವೆ, ದ್ವೀಪವಾಗಿದ್ದ ಗುಡ್ಡಗಳು ಮತ್ತೆ ದಡಕ್ಕೆ ಸೇರಿಕೊಳ್ಳುತ್ತವೆ. ಇದಕ್ಕೆ ಕಾರಣ ಬಿಸಿಲೊಂದೇ ಅಲ್ಲ. ಬಲದಂಡೆ ನಾಲೆಯ ನೀರು ಚನ್ನಗಿರಿ, ದಾವಣಗೆರೆ, ಹರಿಹರದ ಗದ್ದೆ ತೋಟಗಳಿಗೆ ಹೋಗಬೇಕು. ಬೇಸಿಗೆ ಬೆಳೆಗೆ ಯಾವತ್ತಿನಿಂದ ನೀರು, ಎಷ್ಟು ದಿನ, ಯಾವಾಗ ಬಂದ್ ಎಂಬುದು ಮಲವಗೊಪ್ಪದ ಕಾಡಾ (ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ) ಕಚೇರಿಯಲ್ಲಿ ಸೇರುವ ನೀರಾವರಿ ಸಲಹಾ ಸಮಿತಿಯಲ್ಲಿ ತೀರ್ಮಾನವಾಗುತ್ತದೆ. ಅಂದರೆ ನಿಮ್ಮ ಕಾಟೇಜಿನ ಮೆಟ್ಟಿಲಿನಿಂದ ನೀರು ಎಷ್ಟು ದೂರ ಇರಬೇಕೆಂದು ನಿರ್ಧರಿಸುವವರು ರೆಸಾರ್ಟಿನ ಮ್ಯಾನೇಜರ್ ಅಲ್ಲ, ಶಿವಮೊಗ್ಗದ ಬೈಪಾಸಿನ ಆಚೀಚೆ ಕೂತು ವಾದ ಮಾಡುವ ರೈತ ಮುಖಂಡರು, ಎಂಜಿನಿಯರುಗಳು ಮತ್ತು ಶಾಸಕರು. ಜಗತ್ತಿನ ಇನ್ಯಾವ ದ್ವೀಪದ ರೆಸಾರ್ಟಿಗೂ ಭತ್ತದ ನಾಟಿಯ ಜೊತೆ ಇಷ್ಟು ನೇರ ನಂಟು ಇರಲಾರದು ಎಂಬುದು ನನ್ನ ಗುಮಾನಿ.

ಹಾಗಾಗಿ ಬುಕ್ ಮಾಡುವ ಮುನ್ನ ರೆಸಾರ್ಟಿನ ಫೋಟೋ ನೋಡುವುದಕ್ಕಿಂತ ನಮ್ಮ ಪತ್ರಿಕೆಗಳ ಮೂಲೆಯ 'ಜಲಾಶಯಗಳ ಮಟ್ಟ' ನೋಡುವುದು ಲೇಸು. ಲಿಂಗನಮಕ್ಕಿ 1819, ಭದ್ರಾ 186 ಎಂದು ಗರಿಷ್ಠ ಮಟ್ಟ ಕೊಟ್ಟು ಪಕ್ಕದಲ್ಲಿ ಇಂದಿನದ್ದನ್ನು ಹಾಕಿರುತ್ತಾರೆ. ಫೋಟೋ ಯಾವ ತಿಂಗಳದ್ದೆಂದು ಯಾರೂ ಬರೆಯುವುದಿಲ್ಲ. 2023ರ ಬರದಲ್ಲಿ ಭದ್ರಾ ತುಂಬಲೇ ಇಲ್ಲ; ಆ ವರ್ಷ ತುಂಬಿದ ಹಿನ್ನೀರಿನ ಚಿತ್ರ ನಂಬಿ ಹೊರಟವರಿಗೆ ಸಿಕ್ಕಿದ್ದು ಮಣ್ಣಿನ ದಂಡೆ.

ಆದರೆ ನೀರು ಇಳಿದರೆ ನಷ್ಟ ಎಂದುಕೊಳ್ಳಬೇಡಿ. ಲಾಡ್ಜಿಗೆ ಹೆಸರು ಕೊಟ್ಟ ಹಕ್ಕಿ ಬರುವುದೇ ನೀರು ಇಳಿದ ಮೇಲೆ. ರಿವರ್ ಟರ್ನ್, ನಮ್ಮ ಹಕ್ಕಿ ಪುಸ್ತಕಗಳಲ್ಲಿ ನದಿ ರೀವ: ಹಳದಿ ಕೊಕ್ಕು, ಕಪ್ಪು ಟೋಪಿ, ಕತ್ತರಿ ಬಾಲ. ಮರದಲ್ಲಿ ಗೂಡು ಕಟ್ಟುವ ಜಾತಿಯಲ್ಲ ಅದು. ಸುತ್ತ ನೀರಿದ್ದು ನರಿ, ನಾಯಿ ಬರಲಾಗದ ಬೋಳು ದಿಬ್ಬ ಬೇಕು, ಅದರ ಜಲ್ಲಿಕಲ್ಲಿನ ಮೇಲೆ ಸುಮ್ಮನೆ ಗುಳಿ ಮಾಡಿ ಮೊಟ್ಟೆ ಇಡುತ್ತದೆ. ಮಳೆಗಾಲದಲ್ಲಿ ಮುಳುಗಿದ್ದ ಇಂಥ ದಿಬ್ಬವೊಂದು ಬೇಸಿಗೆಯಲ್ಲಿ ಹಿನ್ನೀರಿನ ನಡುವೆ ಬೆನ್ನು ತೋರಿಸುತ್ತದೆ, ಸಾವಿರ ಲೆಕ್ಕದಲ್ಲಿ ರೀವಗಳು ಅಲ್ಲಿ ಸೇರುತ್ತವೆ. ಅರ್ಧ ಫರ್ಲಾಂಗ್ ದೂರಕ್ಕೇ ಕಿವಿ ಗಡಚಿಕ್ಕುವ ಗಲಾಟೆ. ದೇಶದ ಹೊಳೆಗಳ ಮರಳು ದಿಬ್ಬಗಳೆಲ್ಲ ಮನುಷ್ಯರ ಪಾಲಾಗಿ ಈ ಹಕ್ಕಿ ಅಪಾಯದ ಪಟ್ಟಿ ಸೇರಿದೆ. ಅದಕ್ಕೆ ಆಸರೆ ಸಿಕ್ಕಿದ್ದು ನಾವು ಕಟ್ಟಿದ ಡ್ಯಾಮಿನ ನಡುವೆ.

ಮಂಡಗದ್ದೆಯದ್ದು ಇದಕ್ಕೆ ತದ್ವಿರುದ್ಧ. ತೀರ್ಥಹಳ್ಳಿ ರಸ್ತೆಯಲ್ಲಿ ತುಂಗೆಯ ನಡುವಿನ ಪುಟ್ಟ ನಡುಗಡ್ಡೆಗೆ ಬೆಳ್ಳಕ್ಕಿ, ನೀರುಕಾಗೆಗಳು ಬರುವುದು ಮಳೆಗಾಲದಲ್ಲಿ. ಕೆಂಪು ನೀರು ಸುತ್ತ ಭೋರ್ಗರೆಯುವಾಗ ಮರದ ಮೇಲೆ ಸಂಸಾರ. ಒಂದೇ ಜಿಲ್ಲೆಯ ಆಸುಪಾಸಿನಲ್ಲಿ ಎರಡು ದ್ವೀಪ, ಎರಡು ಸೀಸನ್. ಸೀಸನ್ ಎನ್ನುವುದು ಟ್ರಾವೆಲ್ ಏಜೆಂಟರ ಕ್ಯಾಲೆಂಡರಿನಲ್ಲಿಲ್ಲ, ಆ ದ್ವೀಪದ ಬಾಡಿಗೆದಾರರು ಯಾರು ಎಂಬುದರಲ್ಲಿದೆ.

ನನ್ನ ಶಿಫಾರಸು ಇಷ್ಟು. ಮನೆಯಲ್ಲಿ ವಯಸ್ಸಾದವರಿದ್ದರೆ ನವೆಂಬರ್: ನೀರು ಹತ್ತಿರ, ಬಿಸಿಲು ಕಡಿಮೆ, ಸಂಜೆ ಸ್ವೆಟರ್ ಹಾಕಿ ಕೂರಬಹುದು. ಓದಿ ಬರೆಯುವ ವಯಸ್ಸಿನ ಮಕ್ಕಳಿದ್ದರೆ ಏಪ್ರಿಲ್, ಶಾಲೆ ಮುಚ್ಚಿದ ಮೊದಲ ವಾರ. ಸೆಕೆ ಇರುತ್ತದೆ, ಸಹಿಸಿಕೊಳ್ಳಿ. ಕಾಡಿನೊಳಗಿನ ಹಳ್ಳಗಳು ಬತ್ತಿ ಆನೆ, ಕಾಟಿಗಳು ಹಿನ್ನೀರಿನ ದಂಡೆಗೆ ಇಳಿಯುವ ಕಾಲ ಅದು. ಬೋಟ್ ಸಫಾರಿಗೆ ಅದಕ್ಕಿಂತ ಒಳ್ಳೆಯ ತಿಂಗಳಿಲ್ಲ.

ಇನ್ನು ಮನೆಯವರ ವಿಷಯ. ನಮ್ಮವರ ಫ್ಯಾಮಿಲಿ ಟೂರ್ ಎಂದರೆ ಟಿಟಿ ಮಾಡಿಕೊಂಡು ಹೊರನಾಡು, ಶೃಂಗೇರಿ, ಧರ್ಮಸ್ಥಳ, ಸುಬ್ರಹ್ಮಣ್ಯ, ಕೊಲ್ಲೂರು. ಸಮಯ ಉಳಿದರೆ ಮುರುಡೇಶ್ವರ. ಎಷ್ಟು 'ಕವರ್' ಆಯಿತು ಎಂಬುದೇ ಲೆಕ್ಕ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಸ್ನಾನ, ದಾರಿಯಲ್ಲಿ ಪುಳಿಯೋಗರೆ, ಮಧ್ಯಾಹ್ನ ದೇವಸ್ಥಾನದ ಊಟ. ಈ ಅಭ್ಯಾಸ ಕೆಟ್ಟದ್ದೇನಲ್ಲ, ನನಗೂ ಇಷ್ಟ. ಆದರೆ ದ್ವೀಪದಲ್ಲಿ ಕವರ್ ಮಾಡಲು ಏನೂ ಇಲ್ಲ. ಬಂದ ಅರ್ಧ ಗಂಟೆಗೆ ಅತ್ತೆಯವರು "ಇಲ್ಲಿ ನೋಡೋದೇನುಂಟು?" ಎಂದು ಕೇಳುತ್ತಾರೆ, ಮಾವ ಪೇಪರ್ ಹುಡುಕುತ್ತಾರೆ, ಹುಡುಗರು ಫೋನಿಗೆ ಸಿಗ್ನಲ್ ಹುಡುಕುತ್ತಾರೆ, ಅಪ್ಪ "ಹತ್ತಿರ ಕೆಮ್ಮಣ್ಣುಗುಂಡಿ ಇದೆಯಲ್ಲ, ಒಂದು ರೌಂಡ್ ಹೋಗಿ ಬರೋಣ" ಎಂದು ಕಾರಿನ ಕೀ ತಿರುಗಿಸುತ್ತಾನೆ. ಆ ಕೀಯನ್ನು ಮನೆಯ ಹೆಂಗಸರು ಕಿತ್ತು ಬ್ಯಾಗಿಗೆ ಹಾಕಿಬಿಡಬೇಕು. ಸುಮ್ಮನೆ ಕೂರಲು ನಮ್ಮವರಿಗೆ ಒಂದು ದಿನದ ತಾಲೀಮು ಬೇಕು. ಆ ತಾಲೀಮನ್ನು ಲಕ್ಷಗಟ್ಟಲೆ ಸುರಿದು ಹಿಂದೂ ಮಹಾಸಾಗರದ ನಡುವೆ ಮಾಡುವುದಕ್ಕಿಂತ, ತಡೆಯಲಾಗದಿದ್ದರೆ ರಾತ್ರಿ ಊಟಕ್ಕೆ ಮನೆಗೇ ಬರಬಹುದಾದ ದೂರದಲ್ಲಿ ಮಾಡುವುದು ಜಾಣತನ.

ಲೆಕ್ಕಾಚಾರದ ಅಭ್ಯಾಸವನ್ನೂ ತಿದ್ದಿಕೊಳ್ಳಬೇಕು. ನಮ್ಮದು ರೂಮಿನ ಲೆಕ್ಕ: ಎರಡು ರೂಮು, ಎಂಟು ಜನ, ಎಕ್ಸ್‌ಟ್ರಾ ಬೆಡ್. ಇಂಥ ಕಡೆ ತಲೆ ಲೆಕ್ಕ. ಊಟ, ತಿಂಡಿ, ಸಫಾರಿ ಎಲ್ಲ ಅದರೊಳಗೆ. ದುಬಾರಿ ಎನಿಸುತ್ತದೆ, ಆದರೆ ಒಳಗೆ ಹೋದ ಮೇಲೆ ಪರ್ಸ್ ತೆಗೆಯುವ ಪ್ರಸಂಗ ಕಡಿಮೆ. ಊಟ ಗೋಲ್‌ಘರ್ ಎಂಬ ಊಟದ ಮನೆಯಲ್ಲಿ, ಗಂಟೆ ಬಿದ್ದ ಹೊತ್ತಿಗೆ. ಮಧ್ಯರಾತ್ರಿ ಮಗುವಿಗೆ ಹಸಿವಾದರೆ ಮೂಲೆ ಅಂಗಡಿ ಇಲ್ಲ ಎಂಬುದು ನೆನಪಿರಲಿ. ಮಂಡಕ್ಕಿ, ಚಕ್ಕುಲಿ, ಕೋಡುಬಳೆ ಡಬ್ಬಿ ಜೊತೆಗಿರಲಿ. ಮಂಗಗಳಿಗೆ ಕಾಣದಂತೆ ಇರಲಿ. ಬಿಪಿ, ಶುಗರ್ ಮಾತ್ರೆ ಎರಡು ದಿನದ್ದು ಹೆಚ್ಚಿಗೆ. ಮಂಡಿನೋವಿನವರಿದ್ದರೆ ಮೆಟ್ಟಿಲು, ಸೇತುವೆ ಕಡಿಮೆ ಇರುವ ಕಾಟೇಜನ್ನು ಬುಕ್ ಮಾಡುವಾಗಲೇ ಕೇಳಿ. ಮತ್ತು ಒಂದೇ ರಾತ್ರಿಗೆ ಹೋಗಬೇಡಿ. ಮೊದಲ ದಿನ ಚಡಪಡಿಕೆಯಲ್ಲೇ ಹೋಗುತ್ತದೆ, ಎರಡನೇ ದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಎಲ್ಲರೂ ಒಂದೇ ದಿಕ್ಕಿಗೆ ನೋಡುತ್ತ ಕೂರಲು ಶುರುಮಾಡುತ್ತಾರೆ. ಒಂದೇ ರಾತ್ರಿಗೆ ಬಂದವರು ಆ ಹೊತ್ತಿಗೆ ಗಂಟುಮೂಟೆ ಕಟ್ಟುತ್ತಿರುತ್ತಾರೆ.

ಆ ಕೂತ ಹೊತ್ತಿನಲ್ಲಿ ಮಕ್ಕಳಿಗೆ ಈ ಕಾಡು, ನೀರಿನ ಹಿಂದಿರುವ ಜನರ ಕಥೆಯನ್ನೂ ಹೇಳಿ. ಭದ್ರಾ ಹುಲಿ ಮೀಸಲು ಪ್ರದೇಶವಾದದ್ದು 1998ರಲ್ಲಿ. 2002ರ ಹೊತ್ತಿಗೆ ಕಾಡಿನೊಳಗಿನ ಊರುಗಳ ಜನ ಹೊರಗೆ ಬಂದರು. ಅವರಲ್ಲಿ ಬಹಳ ಮಂದಿ ಲಕ್ಕವಳ್ಳಿ ಹತ್ತಿರದ ಎಂ.ಸಿ. ಹಳ್ಳಿಯಲ್ಲಿ ನೆಲೆಸಿದ್ದಾರೆ. ಇತ್ತ ಸಾಗರ ತಾಲ್ಲೂಕಿನ ತುಮರಿ ಕಡೆಯವರಿಗೆ ಶರಾವತಿ ಹಿನ್ನೀರು ಕೊಟ್ಟ ದ್ವೀಪ ರಜೆಯ ಜಾಗವಾಗಿರಲಿಲ್ಲ. ಹೆರಿಗೆ ನೋವಿಗೂ, ಪರೀಕ್ಷೆಗೂ ಲಾಂಚಿನ ಟೈಮು ಕಾದವರು ಅವರು. ಅಂಬಾರಗೋಡ್ಲು-ಕಳಸವಳ್ಳಿ ನಡುವಿನ 2.44 ಕಿ.ಮೀ. ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಸಂಪರ್ಕ ಕಡಿದುಕೊಳ್ಳಲು ನಾವು ದುಡ್ಡು ಕೊಡುತ್ತೇವೆ; ಸಂಪರ್ಕಕ್ಕಾಗಿ ಅವರು ಅರವತ್ತು ವರ್ಷ ಅರ್ಜಿ ಕೊಟ್ಟರು.

ಲಕ್ಕವಳ್ಳಿಯಲ್ಲಿ ಮನೆಯವರೆಲ್ಲ ಪಾಸಾದರೆ ಮುಂದಕ್ಕೆ ಹೋಗಿ, ಬೇಡ ಎನ್ನುವುದಿಲ್ಲ. ಅಲ್ಲಿಯೂ ಕೇಳಬೇಕಾದದ್ದು ಗಡಿಯಾರ ಯಾರದ್ದು ಎಂಬ ಪ್ರಶ್ನೆಯೇ. ಮಾಲ್ಡೀವ್ಸ್‌ನಲ್ಲಿ ಸಾಮಾನ್ಯವಾಗಿ ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್. 1972ರಲ್ಲಿ ಕುರುಂಬಾದಿಂದ ಶುರುವಾದ ಕಥೆ ಅದು. ದೂರದ ದ್ವೀಪಗಳಿಗೆ ಸೀಪ್ಲೇನ್ ಹಾರುವುದು ಹಗಲು ಬೆಳಕಿನಲ್ಲಿ ಮಾತ್ರ. ಸಂಜೆ ಮಾಲೆಗೆ ಇಳಿದರೆ ಆ ರಾತ್ರಿ ಅಲ್ಲೇ ಕಳೆಯಬೇಕು, ಮೊದಲ ದಿನದ ರೆಸಾರ್ಟ್ ದುಡ್ಡು ನೀರಿಗೆ. ಬೋಟು, ಸೀಪ್ಲೇನಿನ ಖರ್ಚು ಹೆಚ್ಚಾಗಿ ಪ್ಯಾಕೇಜಿನ ಹೊರಗೆ, ಅದೂ ತಲೆ ಲೆಕ್ಕದಲ್ಲಿ. ಎಂಟು ಜನರ ಸಂಸಾರಕ್ಕೆ ಅದು ಸಣ್ಣ ಮಾತಲ್ಲ. ಅಂಡಮಾನಿನಲ್ಲಿ ಗಡಿಯಾರ ನಮ್ಮದೇ, ಸೂರ್ಯ ಬೇರೆ. ಐದು-ಐದೂವರೆಗೆ ಸಂಜೆ ಮುಗಿಯುತ್ತದೆ. ಮಧ್ಯಾಹ್ನ ಉಂಡು ಒಂದು ನಿದ್ದೆ ತೆಗೆದು ನಾಲ್ಕೂವರೆಗೆ ಬೀಚಿಗೆ ಹೊರಟರೆ ಸಿಗುವುದು ಕತ್ತಲೆ. ಮಳೆಗಾಲ ನಮಗಿಂತ ಮೊದಲೇ ಅಲ್ಲಿಗೆ ಬರುತ್ತದೆ, ಆಗ ದ್ವೀಪದಿಂದ ದ್ವೀಪಕ್ಕೆ ಹೋಗುವ ಫೆರಿಗಳು ನಿಲ್ಲಲೂಬಹುದು. ವಾಪಸ್ ವಿಮಾನದ ಹಿಂದಿನ ರಾತ್ರಿಯನ್ನು ಶ್ರೀ ವಿಜಯಪುರಂನಲ್ಲೇ ಕಳೆಯುವುದು ಕ್ಷೇಮ. ಇಂದಿಗೂ ಬಾಯಲ್ಲಿ ಪೋರ್ಟ್ ಬ್ಲೇರ್ ಎಂದೇ ಬರುತ್ತದೆ, ಇರಲಿ. ಮಕ್ಕಳು ಹವಳದ ತುಂಡು ಹೆಕ್ಕಿ ಜೇಬಿಗೆ ಹಾಕದಂತೆ ನೋಡಿಕೊಳ್ಳಿ. ಹವಳ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ, ತರುವುದು ಅಪರಾಧ.

ಕೊನೆಗೆ ಈ ಬೇಸಿಗೆ ಲಕ್ಕವಳ್ಳಿಗೆ ಹೋಗುವವರಲ್ಲಿ ಒಂದು ಬಿನ್ನಹ. ರೀವಗಳ ದಿಬ್ಬ ಕಂಡ ಕೂಡಲೇ ಬೋಟಿನಲ್ಲಿರುವ ಯಾರಾದರೂ ಒಬ್ಬರು "ಇನ್ನೂ ಸ್ವಲ್ಪ ಹತ್ತಿರ ಹೋಗಣ್ಣ" ಎಂದು ಬೋಟಿನವರನ್ನು ಕೇಳಿಯೇ ಕೇಳುತ್ತಾರೆ. ಹತ್ತಿರ ಹೋದರೆ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದು ಆಕಾಶ ತುಂಬುತ್ತವೆ, ಫೋಟೋ ಚೆನ್ನಾಗಿ ಬರುತ್ತದೆ. ಆ ಹೊತ್ತಿನಲ್ಲಿ ಬೋಳು ಕಲ್ಲಿನ ಮೇಲಿನ ಮೊಟ್ಟೆಗಳಿಗೆ ನೆರಳಿಲ್ಲ; ಏಪ್ರಿಲ್ ಬಿಸಿಲಿಗೆ ಅವು ಕೆಡಲು ಬಹಳ ಹೊತ್ತು ಬೇಡ, ಮೇಲೆ ಗಿಡುಗ, ಕಾಗೆಗಳು ಕಾದೇ ಇರುತ್ತವೆ. ದಯವಿಟ್ಟು ಕೇಳಬೇಡಿ. ಕೇಳುವವರು ನಿಮ್ಮ ಮನೆಯವರೇ ಆಗಿದ್ದರೆ ತಡೆಯಿರಿ. ಒಂದು ಬೈನಾಕ್ಯುಲರ್ ಒಯ್ಯಿರಿ, ಅಷ್ಟು ಸಾಕು.