ಜಾಲಸೇವೆಗಳ ಅರ್ಥನಿರೂಪಣೆಯಲ್ಲಿ ‘ಪರಿಣಾಮ’ದ ಸ್ಥಾನ

ಯಂತ್ರವೊಂದು ಮತ್ತೊಂದು ಯಂತ್ರದೊಡನೆ ವ್ಯವಹರಿಸಬೇಕಾದರೆ ಅವೆರಡರ ನಡುವೆ ಸಮಾನವಾದ ಸಂಕೇತಗಳಿದ್ದರೆ ಸಾಲದು, ಸಮಾನವಾದ ಅರ್ಥವೂ ಇರಬೇಕು. ಈ ವಿಚಾರಕ್ಕೆ ವಿಶೇಷ ಪ್ರಚಾರ ದೊರೆತದ್ದು ೨೦೦೧ರ ಮೇ ತಿಂಗಳ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಟಿಮ್ ಬರ್ನರ್ಸ್-ಲೀ, ಜೇಮ್ಸ್ ಹೆಂಡ್ಲರ್, ಓರಾ ಲಸ್ಸಿಲಾ ಎಂಬ ಮೂವರು ಬರೆದ ಲೇಖನದಿಂದ. ತಾಯಿಯ ಚಿಕಿತ್ಸೆಗೆ ತಕ್ಕವರನ್ನು ಹುಡುಕಿ, ಮಕ್ಕಳ ಬಿಡುವಿಗೆ ಹೊಂದುವಂತೆ ವೇಳೆಯನ್ನು ಗೊತ್ತುಪಡಿಸುವ ಕೆಲಸವನ್ನು ಗಣಕಯಂತ್ರದ ‘ಏಜೆಂಟು’ಗಳೇ ನಿರ್ವಹಿಸುವ ಚಿತ್ರ ಆ ಲೇಖನದ ಆರಂಭದಲ್ಲಿದೆ. ಅದೇ ವರ್ಷ ಮೆಕ್‌ಇಲ್ರೈತ್, ಸೋನ್, ಝೆಂಗ್ ಎಂಬ ವಿದ್ವಾಂಸರು ಈ ವಿಚಾರವನ್ನು ಜಾಲಸೇವೆಗಳಿಗೆ, ಎಂದರೆ ಟಿಕೆಟು ಕಾದಿರಿಸುವುದು, ಪುಸ್ತಕ ಮಾರುವುದು ಮೊದಲಾದ ಕೆಲಸಗಳನ್ನು ಅಂತರಜಾಲದ ಮೂಲಕ ಮಾಡಿಕೊಡುವ ಕ್ರಮವಿಧಿಗಳಿಗೆ, ಅನ್ವಯಿಸಿ ತೋರಿಸಿದರು. ‘ಡ್ಯಾಮಲ್-ಎಸ್’ ಎಂಬ ಹೆಸರಿನಿಂದ ಮೊದಲಾದ ನಿರೂಪಣಭಾಷೆಯೊಂದು ‘ಔಲ್-ಎಸ್’ ಎಂದು ಮಾರ್ಪಟ್ಟು ೨೦೦೪ರ ನವೆಂಬರಿನಲ್ಲಿ ವಿಶ್ವವ್ಯಾಪಿ ಜಾಲದ ಒಕ್ಕೂಟಕ್ಕೆ ಸಲ್ಲಿಕೆಯಾಯಿತು. ಈ ಪ್ರಯತ್ನದ ಸಮಗ್ರ ಚರಿತ್ರೆಯನ್ನು ಹೇಳುವುದು ನಮ್ಮ ಉದ್ದೇಶವಲ್ಲ. ಅದರ ಒಂದು ಅಂಗವನ್ನು ಮಾತ್ರ ಇಲ್ಲಿ ಪರೀಕ್ಷಿಸುತ್ತೇವೆ.

ಅದಕ್ಕೆ ಮೊದಲು ಪೂರ್ವಸ್ಥಿತಿಯನ್ನು ಸ್ವಲ್ಪ ತಿಳಿಯಬೇಕು. ಆ ಕಾಲಕ್ಕೆ ಬಳಕೆಯಲ್ಲಿದ್ದ ಡಬ್ಲ್ಯೂ.ಎಸ್.ಡಿ.ಎಲ್. ಎಂಬ ವಿವರಣಭಾಷೆಯು ಒಂದು ಸೇವೆಗೆ ಯಾವ ಆಕಾರದ ಸಂದೇಶವನ್ನು ಕಳುಹಿಸಬೇಕು, ಯಾವ ಆಕಾರದ ಉತ್ತರ ಬರುತ್ತದೆ ಎಂಬುದನ್ನು ಹೇಳುತ್ತಿತ್ತು. ಊರಿನ ಹೆಸರನ್ನು ಕೊಟ್ಟರೆ ಅಲ್ಲಿಯ ಉಷ್ಣತೆಯನ್ನು ತಿಳಿಸುವ ಸೇವೆಯೊಂದು, ಕಂಪೆನಿಯ ಹೆಸರನ್ನು ಕೊಟ್ಟರೆ ಅದರ ಷೇರಿನ ಬೆಲೆಯನ್ನು ತಿಳಿಸುವ ಸೇವೆ ಇನ್ನೊಂದು ಇವೆಯೆನ್ನೋಣ. ಎರಡಕ್ಕೂ ಕೊಡತಕ್ಕದ್ದು ಅಕ್ಷರಗಳ ಒಂದು ಮಾಲೆ, ಬರತಕ್ಕದ್ದು ಒಂದು ಸಂಖ್ಯೆ. ಈ ಆಕಾರದ ವಿವರಣೆಯಲ್ಲಿ ಇವೆರಡಕ್ಕೂ ಭೇದವಿಲ್ಲ. ಹೆಸರುಗಳನ್ನು ಓದಿ ಭೇದವನ್ನು ಗ್ರಹಿಸಬಲ್ಲವನು ಮನುಷ್ಯನೊಬ್ಬನೇ. ವಾಕ್ಯಾರ್ಥಜ್ಞಾನಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳು ಬೇಕೆಂದು ನಮ್ಮ ಶಾಸ್ತ್ರಕಾರರು ಹೇಳಿದ್ದಾರಷ್ಟೆ. ‘ಬೆಂಕಿಯಿಂದ ತೋಯಿಸುತ್ತಾನೆ’ ಎಂಬ ಮಾತು ವ್ಯಾಕರಣಕ್ಕೆ ಸರಿಯಾದರೂ ಯೋಗ್ಯತೆಯಿಲ್ಲದ್ದರಿಂದ ಅರ್ಥವನ್ನು ಕೊಡದು. ಹಳೆಯ ವಿವರಣಭಾಷೆಯಲ್ಲಿ ಕೊರತೆಯಾಗಿದ್ದದ್ದು ಈ ಯೋಗ್ಯತೆಯೇ. ಅದನ್ನು ತುಂಬಲು ಬಂದದ್ದು ಆಂಟಾಲಜಿ, ಎಂದರೆ ಒಂದು ಕ್ಷೇತ್ರದ ಪದಾರ್ಥಗಳನ್ನೂ ಅವುಗಳ ಜಾತಿ-ಉಪಜಾತಿ ಸಂಬಂಧಗಳನ್ನೂ ತರ್ಕಬದ್ಧವಾಗಿ ನಿರೂಪಿಸುವ ವ್ಯವಸ್ಥೆ. ಹೋಲಿಕೆಯನ್ನು ಇದಕ್ಕಿಂತ ಮುಂದಕ್ಕೆ ಎಳೆಯುವುದು ಉಚಿತವಲ್ಲ.

ಔಲ್-ಎಸ್ ಸೇವೆಯನ್ನು ಮೂರು ಮುಖಗಳಿಂದ ವರ್ಣಿಸುತ್ತದೆ: ಸೇವೆ ಏನನ್ನು ಮಾಡುತ್ತದೆ, ಹೇಗೆ ಮಾಡುತ್ತದೆ, ಅದರೊಡನೆ ಸಂದೇಶವಿನಿಮಯ ಹೇಗೆ. ನಡುವಿನ ಮುಖವೇ ಗ್ರಂಥದ ಸತ್ತ್ವ. ಅದರಲ್ಲಿ ಪ್ರತಿಯೊಂದು ಕಾರ್ಯಕ್ಕೂ ಕೊಡಬೇಕಾದ ವಿವರ, ಮರಳಿ ಬರುವ ಉತ್ತರ ಇವುಗಳ ಜೊತೆಗೆ ಪೂರ್ವನಿಬಂಧನೆ ಮತ್ತು ಪರಿಣಾಮ ಎಂಬ ಎರಡು ಅಂಗಗಳಿವೆ. ಕರ್ತೃಗಳು ಉದಾಹರಣೆಗಾಗಿ ‘ಕಾಂಗೊ’ ಎಂಬ ಕಲ್ಪಿತ ಪುಸ್ತಕದಂಗಡಿಯನ್ನು ಸೃಷ್ಟಿಸಿದ್ದಾರೆ. ಕೊಳ್ಳುವವನಿಗೆ ಅಲ್ಲಿ ಖಾತೆಯಿರಬೇಕು, ಅವನ ಕ್ರೆಡಿಟ್ ಕಾರ್ಡು ಊರ್ಜಿತವಾಗಿರಬೇಕು, ಇವು ಪೂರ್ವನಿಬಂಧನೆಗಳು. ಪುಸ್ತಕ ದಾಸ್ತಾನಿನಲ್ಲಿದ್ದರೆ ರವಾನೆಯಾಗುತ್ತದೆ, ಇಲ್ಲದಿದ್ದರೆ ‘ಪುಸ್ತಕವಿಲ್ಲ’ ಎಂಬ ಉತ್ತರ ಬರುತ್ತದೆ. ದಾಸ್ತಾನಿನ ವಿಷಯವನ್ನು ಪೂರ್ವನಿಬಂಧನೆಗಳ ಸಾಲಿಗೆ ಸೇರಿಸದೆ, ಫಲವನ್ನು ನಿರ್ಣಯಿಸುವ ಷರತ್ತಾಗಿ ಬೇರೆ ಇಟ್ಟಿರುವುದು ಸೂಕ್ಷ್ಮವಾದ ವಿವೇಚನೆ. ಅಂಗಡಿಯ ಒಳಗಿನ ಸ್ಥಿತಿಯನ್ನು ಗಿರಾಕಿ ಮುಂದಾಗಿ ತಿಳಿದಿರಲಾರನು. ಅದು ತಿಳಿಯುವುದು ಕೇಳಿದ ಮೇಲೆಯೇ. ಈ ಭಾಗವನ್ನು ವಿದ್ಯಾರ್ಥಿಗಳು ಮೂಲದಲ್ಲಿಯೇ ಓದಬೇಕೆಂದು ನಾವು ಶಿಫಾರಸು ಮಾಡುತ್ತೇವೆ.

ಆದರೆ ಗ್ರಂಥದ ಸುತ್ತ ಬೆಳೆದ ಸಂಶೋಧನೆಯ ದೊಡ್ಡ ಪಾಲು ಹರಿದದ್ದು ಬೇರೊಂದು ಕಡೆಗೆ. ಬೇಕಾದ ಸೇವೆಗೂ ದೊರೆಯುವ ಸೇವೆಗೂ ಹೊಂದಿಕೆಯನ್ನು ಜಾತಿ-ಉಪಜಾತಿ ಸಂಬಂಧದಿಂದ ಅಳೆಯುವುದು ಆ ಕಾಲದ ಮುಖ್ಯ ಉದ್ಯೋಗವಾಯಿತು. ೨೦೦೨ರಲ್ಲಿ ಪಾವೊಲುಚ್ಚಿ, ಕವಮುರ, ಪೇನ್, ಸೈಕಾರಾ ಎಂಬವರು ಪ್ರಕಟಿಸಿದ, ಮುಂದಿನವರೆಲ್ಲರೂ ಉದಾಹರಿಸಿದ ಲೇಖನವು ಹೊಂದಿಕೆಗೆ ನಾಲ್ಕು ಮೆಟ್ಟಿಲುಗಳನ್ನು ಮಾಡಿತು. ಅದರಲ್ಲಿ ಒಂದು ಊಹೆ ಅಡಗಿದೆ: ಸೇವೆಯು ಒಂದು ಜಾತಿಯ ವಸ್ತುವನ್ನು ಕೊಡುವೆನೆಂದು ಸಾರಿದರೆ ಆ ಜಾತಿಯ ನೇರವಾದ ಉಪಜಾತಿಗಳೆಲ್ಲವನ್ನೂ ಕೊಡುವ ಹೊಣೆಯನ್ನು ಹೊತ್ತಂತೆ. ಆದ್ದರಿಂದ ಅಂತಹ ಉಪಜಾತಿಯನ್ನು ಬಯಸಿದವನಿಗೂ ಹೊಂದಿಕೆ ಪೂರ್ಣವೆಂದೇ ಎಣಿಕೆ. ‘ಇಲ್ಲಿ ಧಾನ್ಯ ದೊರೆಯುತ್ತದೆ’ ಎಂಬ ಹಲಗೆಯನ್ನು ಕಂಡು, ಈ ಅಂಗಡಿಯಲ್ಲಿ ನವಣೆ ಇದ್ದೇ ಇರುತ್ತದೆಂದು ಯಾವ ಗೃಹಸ್ಥನೂ ನಿಶ್ಚಯಿಸುವುದಿಲ್ಲ. ‘ಕೆಲವು’ ಎಂಬ ಅರ್ಥದ ಮಾತನ್ನು ‘ಎಲ್ಲ’ ಎಂಬ ಅರ್ಥಕ್ಕೆ ಹಿಗ್ಗಿಸಿರುವುದನ್ನು ಲೇಖಕರು ಮರೆಮಾಚಿಲ್ಲ, ಊಹೆಯೆಂದೇ ಹೇಳಿದ್ದಾರೆ. ಅನುಯಾಯಿಗಳು ಊಹೆಯನ್ನು ಬಿಟ್ಟು ಮೆಟ್ಟಿಲುಗಳನ್ನು ಮಾತ್ರ ಇಟ್ಟುಕೊಂಡರೆಂಬುದೇ ನಮ್ಮ ಆಕ್ಷೇಪ. ಇದೆಲ್ಲವೂ ನಾಮಪದಗಳ ವಿಚಾರ. ಸೇವೆಯೆಂಬುದು ಕ್ರಿಯಾಪದ.

ಇನ್ನು ಪ್ರಕೃತಕ್ಕೆ ಬರೋಣ. ‘ಪುಸ್ತಕ ರವಾನೆಯಾಯಿತು’ ಎಂಬುದು ಪರಿಣಾಮ. ‘ರವಾನೆಯಾಯಿತೆಂಬ ಪತ್ರ’ ಉತ್ತರ. ಮೊದಲನೆಯದು ಲೋಕದಲ್ಲಾದ ಬದಲಾವಣೆ, ಎರಡನೆಯದು ಅದರ ವರದಿ. ವರದಿಯ ಆಕಾರವನ್ನು ಯಂತ್ರ ಪರೀಕ್ಷಿಸಬಲ್ಲದು, ಲೋಕವನ್ನು ಪರೀಕ್ಷಿಸಲಾರದು. ಪರಿಣಾಮವನ್ನು ಬರೆಯುವವನು ಸೇವೆಯ ಒಡೆಯನೇ ಆದ್ದರಿಂದ ಅದು ಸಾಕ್ಷ್ಯವಲ್ಲ, ಆಶ್ವಾಸನೆ. ಅದನ್ನು ಯಾವ ಭಾಷೆಯಲ್ಲಿ ಬರೆಯಬೇಕೆಂಬುದನ್ನೂ ಗ್ರಂಥ ನಿಶ್ಚಯಿಸಲಿಲ್ಲ. ಔಲ್ ಭಾಷೆಗೆ ಷರತ್ತುಗಳನ್ನು ಹೇಳುವ ಶಕ್ತಿ ಸಾಲದ್ದರಿಂದ, ಕಿಫ್ ಅಥವಾ ಸ್ವ್ರಲ್ ಮೊದಲಾದ ಅನ್ಯ ಭಾಷೆಗಳ ವಾಕ್ಯವನ್ನು ಅಲ್ಲಿ ತಂದಿಡಲು ಅವಕಾಶ ಕೊಟ್ಟು ಸುಮ್ಮನಾಯಿತು. ಆಂಟಾಲಜಿಯ ತರ್ಕಯಂತ್ರಕ್ಕೆ ಆ ವಾಕ್ಯಗಳು ಬರಿಯ ಅಕ್ಷರರಾಶಿ.

೨೦೦೩ರಲ್ಲಿ ಮೇರಿಲ್ಯಾಂಡಿನ ಸಂಶೋಧಕರು ಇಂತಹ ಸೇವೆಗಳನ್ನು ‘ಶಾಪ್-೨’ ಎಂಬ ಯೋಜಕಯಂತ್ರದಿಂದ ಪೋಣಿಸಲು ಹೊರಟಾಗ, ಒಂದು ಕಾರ್ಯ ಮಾಹಿತಿಯನ್ನು ಕೊಡಬೇಕು ಇಲ್ಲವೇ ಲೋಕವನ್ನು ಬದಲಾಯಿಸಬೇಕು, ಎರಡನ್ನೂ ಮಾಡಕೂಡದೆಂಬ ನಿಯಮವನ್ನು ಹಾಕಿಕೊಂಡರು. ಯೋಜನೆ ನಡೆಯುತ್ತಿರುವಾಗಲೇ ಮಾಹಿತಿಯ ಸೇವೆಗಳನ್ನು ಕರೆಯಬೇಕಾದದ್ದರಿಂದ ಇದು ಅನಿವಾರ್ಯ. ಇಲ್ಲದಿದ್ದರೆ ಆಲೋಚಿಸುವಾಗಲೇ ಹಣ ಖರ್ಚಾಗುತ್ತದೆ! ಆದರೆ ಕಾಂಗೊ ಅಂಗಡಿಯೇ ಈ ನಿಯಮಕ್ಕೆ ಒಳಪಡುವುದಿಲ್ಲ. ಅದು ಪುಸ್ತಕವನ್ನೂ ಕಳುಹಿಸುತ್ತದೆ, ಪತ್ರವನ್ನೂ ಕೊಡುತ್ತದೆ.

ಉತ್ತರವೇ ಬಾರದಿದ್ದರೆ ಏನು ಮಾಡಬೇಕು? ಖಾತೆಯಿಂದ ಹಣ ಕಳೆದು, ಟಿಕೆಟು ಮಾತ್ರ ಕೈಸೇರದ ಸಂಕಟವನ್ನು ನಮ್ಮ ವಾಚಕರಲ್ಲಿ ಅನೇಕರು ಅನುಭವಿಸಿರಬಹುದು. ಮನುಷ್ಯನು ಆಗ ತಡೆದು ವಿಚಾರಿಸುತ್ತಾನೆ. ಯಂತ್ರ ಮತ್ತೊಮ್ಮೆ ಹಣ ಕಟ್ಟೀತು. ಒಂದು ಕಾರ್ಯವನ್ನು ಎರಡು ಸಲ ಮಾಡಿದರೂ ಫಲ ಒಂದೇ ಆಗುವುದೋ ಎಂಬುದು ಇಲ್ಲಿ ಮುಖ್ಯ ಪ್ರಶ್ನೆ. ಜಾಲದ ಮೂಲಸಂವಹನ ನಿಯಮವಾದ ಎಚ್.ಟಿ.ಟಿ.ಪಿ.ಯು ತನ್ನ ೧೯೯೯ರ ಆವೃತ್ತಿಯಲ್ಲಿಯೇ ಈ ಭೇದವನ್ನು ಸ್ಥೂಲವಾಗಿ ಮಾಡಿತ್ತು: ‘ಗೆಟ್’ ನಿರಪಾಯ, ‘ಪುಟ್’ ಪುನರಾವರ್ತನೀಯ, ‘ಪೋಸ್ಟ್’ ಎರಡೂ ಅಲ್ಲ. ಜಾಲಸೇವೆಗಳವರು ವಾಡಿಕೆಯಾಗಿ ತಮ್ಮ ಸಂದೇಶಗಳನ್ನು ‘ಪೋಸ್ಟ್’ ದಾರಿಯಲ್ಲೇ ಕಳುಹಿಸಿ, ಇದ್ದ ಅರ್ಥವನ್ನೂ ಅಳಿಸಿಕೊಂಡರು.

ಈ ವಿಷಯದಲ್ಲಿ ಔಲ್-ಎಸ್‌ಗಿಂತ ಸ್ಪಷ್ಟವಾಗಿ ನಡೆದದ್ದು ೨೦೦೫ರಲ್ಲಿ ಯುರೋಪಿನ ವಿದ್ವಾಂಸರು ಸಲ್ಲಿಸಿದ ‘ವಿಸ್ಮೊ’. ಮಾಹಿತಿಯ ಸ್ಥಿತಿ ಬೇರೆ, ಲೋಕದ ಸ್ಥಿತಿ ಬೇರೆ ಎಂದು ಒಪ್ಪಿ, ಮೊದಲು ಇರಬೇಕಾದುದಕ್ಕೂ ಆಮೇಲೆ ಆಗುವುದಕ್ಕೂ ಎರಡೆರಡು ಹೆಸರುಗಳನ್ನು ಅದು ಕೊಟ್ಟಿತು. ಅದಕ್ಕೆ ಸಲ್ಲಬೇಕಾದ ಮನ್ನಣೆ ಸಲ್ಲಲಿಲ್ಲ. ಅದೇ ವರ್ಷ ಜಾರ್ಜಿಯಾ ವಿಶ್ವವಿದ್ಯಾನಿಲಯವೂ ಐ.ಬಿ.ಎಂ. ಸಂಸ್ಥೆಯೂ ಸೇರಿ ಮುಂದಿಟ್ಟ ಸರಳ ಸೂಚನೆಯಲ್ಲಿ ಪೂರ್ವನಿಬಂಧನೆ, ಪರಿಣಾಮಗಳೆರಡೂ ಇದ್ದವು. ಆ ಸೂಚನೆಯನ್ನೇ ಆಧರಿಸಿ ೨೦೦೭ರ ಆಗಸ್ಟಿನಲ್ಲಿ ಒಕ್ಕೂಟದ ಅಧಿಕೃತ ಶಿಫಾರಸಾಗಿ ಹೊರಬಂದ ‘ಸಾಸ್ಡಲ್’ನಲ್ಲಿ ಎರಡೂ ಇಲ್ಲ. ಸೇವೆಯ ಅಂಗಗಳಿಂದ ಆಂಟಾಲಜಿಯ ಕಡೆಗೆ ಬೆರಳು ತೋರಿಸುವ ಗುರುತುಗಳೂ ಒಂದು ರೂಪವನ್ನು ಇನ್ನೊಂದಕ್ಕೆ ಮಾರ್ಪಡಿಸುವ ಸೂಚನೆಗಳೂ ಮಾತ್ರ ಉಳಿದಿವೆ. ಎಲ್ಲರೂ ಒಪ್ಪಿದ್ದು ನಾಮಪದಗಳನ್ನು.

ವಿವರಣೆ ಬರೆಯುವ ಶ್ರಮ ಒಬ್ಬನದು, ಲಾಭ ಇನ್ನೊಬ್ಬನದು. ಆದ್ದರಿಂದ ಈ ಪ್ರಯತ್ನ ಫಲಿಸಲಿಲ್ಲವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಅದರಲ್ಲಿ ಸತ್ಯವಿದೆ. ಐ.ಬಿ.ಎಂ., ಮೈಕ್ರೋಸಾಫ್ಟ್, ಎಸ್.ಎ.ಪಿ. ಸಂಸ್ಥೆಗಳು ನಡೆಸುತ್ತಿದ್ದ ಸೇವೆಗಳ ಸಾರ್ವಜನಿಕ ದಾಖಲೆಪಟ್ಟಿ ೨೦೦೬ರಲ್ಲಿ ಮುಚ್ಚಿತು. ಆದರೆ ಶ್ರಮದ ಕಾರಣವೊಂದೇ ಸಾಲದೆಂದು ಈಗಿನ ಬೆಳವಣಿಗೆಗಳನ್ನು ನೋಡಿದರೆ ತೋರುತ್ತದೆ. ಇಂದಿನ ಭಾಷಾಮಾದರಿಗಳು ಸೇವೆಯ ವರ್ಣನೆಯನ್ನು ಸಾಮಾನ್ಯ ಗದ್ಯದಲ್ಲಿಯೇ ಓದಿ ಗ್ರಹಿಸುತ್ತವೆ. ಉಷ್ಣತೆಗೂ ಷೇರಿನ ಬೆಲೆಗೂ ಇರುವ ಭೇದವನ್ನು ತಿಳಿಯಲು ಅವಕ್ಕೆ ಆಂಟಾಲಜಿ ಬೇಕಾಗಿಲ್ಲ. ಬರೆಯುವ ಶ್ರಮ ಬಹುಮಟ್ಟಿಗೆ ತಪ್ಪಿದೆ. ಪರಿಣಾಮದ ಪ್ರಶ್ನೆ ತಪ್ಪಿಲ್ಲ.

ಅಂತಹ ಮಾದರಿಗಳಿಗೆ ಸೇವೆಗಳನ್ನು ಜೋಡಿಸಲು ೨೦೨೪ರ ನವೆಂಬರಿನಲ್ಲಿ ಆಂಥ್ರೊಪಿಕ್ ಸಂಸ್ಥೆ ಪ್ರಕಟಿಸಿದ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್’ ಎಂಬ ನಿಯಮಾವಳಿಗೆ ೨೦೨೫ರ ಮಾರ್ಚಿನ ಆವೃತ್ತಿಯಲ್ಲಿ ಹೊಸ ಗುರುತುಗಳು ಸೇರಿದವು. ಈ ಕಾರ್ಯ ಓದುವುದಕ್ಕೆ ಮಾತ್ರವೇ? ಇದ್ದದ್ದನ್ನು ಹಾಳುಮಾಡಬಲ್ಲುದೇ? ಎರಡು ಸಲ ಮಾಡಿದರೆ ಬಾಧಕವಿಲ್ಲವೇ? ಇವುಗಳಿಗೆ ಅಲ್ಲಿ ‘ಸುಳುಹು’ಗಳೆಂದು ಹೆಸರು, ನಂಬತಕ್ಕ ಮೂಲದಿಂದ ಬಂದ ಹೊರತು ಇವನ್ನು ನಂಬಕೂಡದೆಂದು ನಿಯಮಾವಳಿಯೇ ಎಚ್ಚರಿಸುತ್ತದೆ. ಔಲ್-ಎಸ್ ಆಶ್ವಾಸನೆಯನ್ನು ಸಾಕ್ಷ್ಯದ ಪೀಠದಲ್ಲಿ ಕುಳ್ಳಿರಿಸಿತ್ತು. ಇಲ್ಲಿ ಅದನ್ನು ಆಶ್ವಾಸನೆಯೆಂದೇ ಕರೆದಿದ್ದಾರೆ. ಮೌನಕ್ಕೂ ಇಲ್ಲಿ ಅರ್ಥವಿದೆ. ಔಲ್ ತರ್ಕದಲ್ಲಿ ಹೇಳದೆ ಬಿಟ್ಟದ್ದು ಉಂಟೆಂದೂ ಅಲ್ಲ, ಇಲ್ಲವೆಂದೂ ಅಲ್ಲ. ಹೊಸ ನಿಯಮಾವಳಿಯಲ್ಲಾದರೋ, ಸೇವೆಯ ಒಡೆಯನು ಏನನ್ನೂ ಹೇಳದಿದ್ದರೆ ಆ ಕಾರ್ಯವು ಲೋಕವನ್ನು ಬದಲಾಯಿಸುವಂಥದು, ಹಾಳುಮಾಡಬಲ್ಲುದು, ಎರಡನೆಯ ಸಲ ಮಾಡತಕ್ಕದ್ದಲ್ಲ ಎಂದೇ ಎಣಿಸತಕ್ಕದ್ದು.