ರ ಗ ಸ ದ ಅ

ಕರ್ನಾಟಕದ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯನ್ನು ಹೊಗಳುವವರೂ ತೆಗಳುವವರೂ ಒಂದೇ ಚಿತ್ರವನ್ನು ಕಣ್ಣ ಮುಂದಿಟ್ಟುಕೊಂಡು ಮಾತಾಡುತ್ತಾರೆ. ನೆಲದ ಮೇಲೆ ಗುಂಪು ಗುಂಪಾಗಿ ಕೂತ ಮಕ್ಕಳು, ತಲೆಯ ಮೇಲೆ ದಾರಕ್ಕೆ ತೂಗುಬಿಟ್ಟ ಕಲಿಕಾ ಚಪ್ಪರ, ಬಣ್ಣದ ಕಾರ್ಡುಗಳು, ಮಕ್ಕಳ ಜೊತೆ ತಾನೂ ಕುಣಿಯುವ ಟೀಚರು. ಒಬ್ಬರಿಗೆ ಇದು ಮಗುವಿನ ಬಿಡುಗಡೆ. ಇನ್ನೊಬ್ಬರು ‘ನಲಿ ಇದೆ, ಕಲಿ ಎಲ್ಲಿ?’ ಎಂದು ಕೇಳುತ್ತಾರೆ. ಈ ಜಗಳ ಶುರುವಾಗಿ ಮೂವತ್ತು ವರ್ಷವಾಗುತ್ತ ಬಂತು. ನಲಿ-ಕಲಿ ಒಂದನೇ ತರಗತಿಗೆ ಕೊಟ್ಟ ನಿಜವಾದ ಕೊಡುಗೆ ಇಬ್ಬರ ಕಣ್ಣಿಗೂ ಬಿದ್ದಿಲ್ಲ ಎಂದು ನನಗೆ ಖಚಿತವಾಗಿದೆ. ಆ ಕೊಡುಗೆ ಬಣ್ಣದಲ್ಲಿಲ್ಲ, ಕುಣಿತದಲ್ಲೂ ಇಲ್ಲ. ಮಗು ಮೊದಲು ಕಲಿಯುವ ಐದು ಅಕ್ಷರಗಳಲ್ಲಿದೆ: ರ, ಗ, ಸ, ದ, ಅ.

ಇತಿಹಾಸ ಗೊತ್ತಿರುವುದೇ. 1995ರಲ್ಲಿ ಯುನಿಸೆಫ್ ನೆರವಿನಿಂದ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭ. ಅದರ ಬೇರು ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಲ್ಲಿ ಪದ್ಮನಾಭರಾವ್ ಮತ್ತು ರಮಾ ದಂಪತಿ ರೂಪಿಸಿದ ಕಾರ್ಡು ಪದ್ಧತಿಯಲ್ಲಿದೆ. ನಮ್ಮ ಮೇಷ್ಟ್ರುಗಳು ಅಲ್ಲಿಗೆ ಹೋಗಿ ನೋಡಿಬಂದು, ಕೋಟೆಯ ಮಕ್ಕಳಿಗೆ ತಕ್ಕಂತೆ ತಾವೇ ಕಾರ್ಡು ಬರೆದರು. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು. ಮಕ್ಕಳು ಗುಂಪಾಗಿ ಕೂರುವ ಐದು ತಟ್ಟೆ, ಕಲಿಕೆಯ ಮೆಟ್ಟಿಲು ತೋರಿಸುವ ಕಲಿಕಾ ಏಣಿ, ಪ್ರಗತಿ ನೋಟ ಇವೆಲ್ಲ ಸರ್ಕಾರಿ ಶಾಲೆಯ ಹೊಸಿಲು ತುಳಿದ ಎಲ್ಲರಿಗೂ ಗೊತ್ತು.

ನಾನು ಇದನ್ನು ಬರೆಯುತ್ತಿರುವುದು ನಾಗಪುರದಿಂದ. ಇಲ್ಲಿ ನಲಿ-ಕಲಿ ಇಲ್ಲ. ಕನ್ನಡ ಮನೆಗಳ ಮಕ್ಕಳು ಶಾಲೆ ಸೇರಿದ ದಿನದಿಂದಲೇ ಮರಾಠಿ, ಹಿಂದಿ, ಇಂಗ್ಲಿಷುಗಳ ಪಾಲಾಗುತ್ತಾರೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಮಕ್ಕಳಿಗೆ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಕನ್ನಡ ಪುಸ್ತಕವಾದರೂ ಕೈಗೆ ಸಿಗುತ್ತದೆ. ನಮ್ಮ ಮಕ್ಕಳಿಗೆ ಭಾನುವಾರವೊಂದೇ ಗತಿ. ನಮ್ಮ ಮನೆಯ ಹಜಾರದಲ್ಲಿ ಒಂದನೇ ತರಗತಿಯ ನಾಲ್ಕೈದು ಮಕ್ಕಳನ್ನು ಕೂರಿಸಿಕೊಂಡಾಗ ನಾನೂ ಎಲ್ಲರಂತೆ ಅ ಆ ಇ ಈ ಹಾಕಿಸಿದೆ. ಮಳೆಗಾಲ ಮುಗಿದರೂ ಯಾವ ಮಗುವೂ ಒಂದು ಪದ ಓದಲಿಲ್ಲ. ಆಮೇಲೆ ನಲಿ-ಕಲಿಯ ಸಾಲು ಹಿಡಿದೆ. ಈ ಬರಹದ ಹಿಂದಿರುವುದು ಆ ಅನುಭವ.

ಈಗ ಆ ಐದು ಅಕ್ಷರಗಳನ್ನು ಹತ್ತಿರದಿಂದ ನೋಡೋಣ. ವರ್ಣಮಾಲೆಯ ಕ್ರಮದಲ್ಲಿ ಹೊರಟ ಮಗು ಸ್ವರಗಳನ್ನೆಲ್ಲ ಕಲಿತು ಮುಗಿಸಿದಾಗ ಅದಕ್ಕೆ ಬರೆಯಲು ಸಿಗುವ ಪದಗಳು ಎಷ್ಟು? ಆ, ಈ, ಏ, ಓ ಎಂಬ ಒಂಟಿ ಮಾತುಗಳನ್ನು ಬಿಟ್ಟರೆ ಏನೂ ಇಲ್ಲ. ಕನ್ನಡದಲ್ಲಿ ಸ್ವರದ ಪಕ್ಕ ಸ್ವರ ಕೂತು ಪದವಾಗುವುದಿಲ್ಲ. ವಾರಗಟ್ಟಲೆ ದುಡಿದ ಮಗುವಿನ ಕೈಯಲ್ಲಿ ಕೂಲಿಯೇ ಇಲ್ಲ. ಅದೇ ಮಗು ರ, ಗ, ಸ, ದ, ಅ ಕಲಿತರೆ ಸರ, ರಸ, ದರ, ಅರಸ, ಅಗಸ, ಸರಸ, ದಸರ, ಗರಗಸ ಎಲ್ಲ ಅದರದೇ. ಐದು ಅಕ್ಷರಕ್ಕೆ ಎಂಟು ಪದ, ಇನ್ನೂ ಹುಡುಕಿದರೆ ಇನ್ನೂ ಇವೆ. ‘ಗರಗಸ’ ಎಂಬ ನಾಲ್ಕಕ್ಷರದ ಪದವನ್ನು ಆರು ವರ್ಷದ ಮಗು ಎರಡನೇ ವಾರದಲ್ಲಿ ತಾನಾಗಿ ಓದಿದಾಗ ಅದರ ಮುಖ ನೋಡಬೇಕು. ಆ ಸಂತೋಷಕ್ಕೆ ಕುಣಿತದ ನೆರವು ಬೇಕಿಲ್ಲ.

ಇನ್ನೊಂದು ಸಂಗತಿಯಿದೆ. ನನಗೆ ಅತ್ಯಂತ ಮುಖ್ಯವೆನಿಸುವುದು ಅದೇ. ಐದರಲ್ಲಿ ನಾಲ್ಕು ವ್ಯಂಜನ, ಒಂದೇ ಸ್ವರ. ನಾಲ್ಕಕ್ಕೆ ತಲೆಕಟ್ಟು ಇದೆ, ಅ ಒಂದಕ್ಕೆ ಇಲ್ಲ. ಆ ಒಂದು ಸ್ವರ ಯಾಕೆ ಬೇಕಾಯಿತು? ‘ಅರಸ’ ಬರೆಯಿರಿ. ಕಿವಿಗೆ ಮೂರು ಸಲ ಅ ಕೇಳುತ್ತದೆ, ಕಣ್ಣಿಗೆ ಕಾಣುವುದು ಒಂದೇ ಸಲ. ಉಳಿದೆರಡು ರ ಮತ್ತು ಸಗಳ ಒಳಗೆ ಅಡಗಿ ಕೂತಿವೆ. ಪದದ ಮೊದಲಲ್ಲಿ ಮಾತ್ರ ಅ ತನ್ನ ರೂಪದಲ್ಲಿ ಹೊರಗೆ ಬರುತ್ತದೆ, ಬೇರೆಡೆಯೆಲ್ಲ ವ್ಯಂಜನದ ಹೊಟ್ಟೆಯಲ್ಲಿರುತ್ತದೆ. ಕನ್ನಡ ಲಿಪಿಯ ಇಡೀ ಗುಟ್ಟು ಇದು. ಮುಂದೆ ಬರುವ ಕಾಗುಣಿತ ನಿಂತಿರುವುದೂ ಇದರ ಮೇಲೆಯೇ. ಈ ಗುಟ್ಟನ್ನು ಒಂದು ಸೂತ್ರವನ್ನೂ ಹೇಳದೆ, ಮೂರಕ್ಷರದ ಒಂದು ಪದದಲ್ಲಿ ಮಗುವಿನ ಕೈಗೆ ಕೊಡುವ ಪಾಠವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇದರ ಬೆಲೆ ನನಗೆ ಪೂರ್ತಿ ತಿಳಿದದ್ದು ನಾಗಪುರದಲ್ಲಿ. ಇಲ್ಲಿನ ಮಕ್ಕಳು ಐದು ಅಕ್ಷರವನ್ನೂ ಬೇಗ ಗುರುತಿಸಿದರು. ಪದ ಬರೆದು ತೋರಿಸಿದಾಗ ‘ರಸ’ವನ್ನು ‘ರಸ್’ ಎಂದು ಓದಿದರು. ಗರಗಸ ‘ಗರ್‌ಗಸ್’ ಆಯಿತು. ‘ಸರ’ ಎಂದು ಬರೆದು ಅಮ್ಮನ ಕೊರಳಿನ ಸರದ ಚಿತ್ರ ಬಿಡಿಸಿದರೆ, ಒಬ್ಬಳು ‘ಸರ್’ ಎಂದು ಓದಿ, ಶಾಲೆಯ ಮೇಷ್ಟ್ರಿಗೂ ಈ ಚಿತ್ರಕ್ಕೂ ಏನು ಸಂಬಂಧ ಎಂಬಂತೆ ನನ್ನನ್ನೇ ನೋಡಿದಳು. ತಪ್ಪು ಮಕ್ಕಳದ್ದಲ್ಲ. ಮರಾಠಿಯಲ್ಲಿ, ಹಿಂದಿಯಲ್ಲಿ ಪದದ ಕೊನೆಯ ಅಕಾರವನ್ನು ಬರೆದರೂ ಸಾಮಾನ್ಯವಾಗಿ ಉಚ್ಚರಿಸುವುದಿಲ್ಲ. ದಿನವಿಡೀ ಆ ಓದಿಗೆ ಪಳಗಿದ ನಾಲಗೆ ಕನ್ನಡದ ಅಕಾರವನ್ನೂ ನುಂಗುತ್ತದೆ. ಅ ಆ ಇ ಈ, ಕ ಖ ಗ ಘ ಎಂದು ಹಾಡಿಸುತ್ತಿದ್ದ ತಿಂಗಳುಗಳಲ್ಲಿ ಈ ತಪ್ಪು ನನಗೆ ಒಮ್ಮೆಯೂ ಕಾಣಲಿಲ್ಲ. ಕಾಣುವಂತೆಯೂ ಇರಲಿಲ್ಲ. ಬಿಡಿಯಾಗಿ ಹೇಳಿದಾಗ ಮರಾಠಿಯ ಕ ಕೂಡ ಕ ಎಂದೇ ಕೇಳುತ್ತದೆ. ಅಕ್ಷರ ಪದದೊಳಗೆ ಹೋದಾಗಲೇ ಎರಡು ಭಾಷೆಗಳ ದಾರಿ ಬೇರೆಯಾಗುವುದು. ಮೊದಲ ವಾರವೇ ಪದಕ್ಕೆ ಕರೆದೊಯ್ಯುವ ಕ್ರಮ ಇದ್ದದ್ದರಿಂದ ತಪ್ಪು ಮೊದಲ ವಾರವೇ ಹೊರಬಿತ್ತು, ತಿದ್ದಲು ಮೂರು ಭಾನುವಾರ ಸಾಕಾಯಿತು.

ಇನ್ನು ವರ್ಣಮಾಲೆಯ ಪರವಾಗಿ ಕಣ್ಣೀರು ಹಾಕುವ ವಿಮರ್ಶಕರಿಗೆ ಒಂದು ಮಾತು. ನಲಿ-ಕಲಿ ಅಕ್ಷರಮಾಲೆಯ ಶಾಸ್ತ್ರೀಯ ಕ್ರಮವನ್ನು ಕೆಡಿಸಿತು, ಸಂಸ್ಕೃತಿಯ ಬುಡಕ್ಕೆ ಕೊಡಲಿ ಹಾಕಿತು ಎಂಬ ದೂರನ್ನು ನಾನು ಸಭೆಗಳಲ್ಲಿ ಕೇಳಿದ್ದೇನೆ, ಪತ್ರಿಕೆಗಳ ವಾಚಕರ ಪತ್ರಗಳಲ್ಲಿ ಓದಿದ್ದೇನೆ. ವರ್ಣಮಾಲೆಯ ಬಗ್ಗೆ ನನಗೂ ಅಪಾರ ಗೌರವವಿದೆ. ಕಂಠದಿಂದ ತುಟಿಯವರೆಗೆ ಧ್ವನಿ ಹುಟ್ಟುವ ತಾಣಗಳನ್ನು ಸಾಲಾಗಿ ಜೋಡಿಸಿದ ಆ ಬುದ್ಧಿ ಅಸಾಮಾನ್ಯವಾದದ್ದು. ಆದರೆ ಅದು ಭಾಷೆಯನ್ನು ಬಲ್ಲವರು ಭಾಷೆಗೆ ಬರೆದ ನಕ್ಷೆ. ವೈಯಾಕರಣ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆದದ್ದು ಕನ್ನಡ ಬಲ್ಲ ಪಂಡಿತರಿಗೆ, ಸ್ಲೇಟು ಹಿಡಿದು ಬಂದ ಆರು ವರ್ಷದ ಮಗುವಿಗಲ್ಲ. ನಿಘಂಟು ನೋಡಲು ಆ ಕ್ರಮ ಬೇಕೇ ಬೇಕು, ಓದಲು ಬಂದ ಮಗು ಅದನ್ನು ಎರಡು ದಿನದಲ್ಲಿ ಬಾಯಿಪಾಠ ಮಾಡುತ್ತದೆ. ಓದು ಬರುವ ಮೊದಲೇ ಙ, ಞಗಳನ್ನು ತಿದ್ದಿಸಿ ಯಾವ ಸಂಸ್ಕೃತಿಯನ್ನು ಕಾಪಾಡಿದ ಹಾಗಾಯಿತು? ಅವೆರಡರಿಂದ ಶುರುವಾಗುವ, ಮಗುವಿಗೆ ಗೊತ್ತಿರುವ ಒಂದು ಪದವನ್ನು ಈ ವಿಮರ್ಶಕರು ತೋರಿಸಲಿ.

ಎರಡನೇ ಆಕ್ಷೇಪ ಹೆಚ್ಚು ಗಟ್ಟಿಯದು. ನಲಿ-ಕಲಿಯ ಎರಡನೇ ಸಾಲು ಜ, ವ, ಮ, ಬ, ನ. ವ ಬರೆದು ಬಲಕ್ಕೊಂದು ಬಾಲ ಎಳೆದರೆ ಮ. ಇಷ್ಟು ಹೋಲುವ ಅಕ್ಷರಗಳನ್ನು ಪಕ್ಕಪಕ್ಕ ಕಲಿಸಿದರೆ ಗೊಂದಲವಾಗದೇ ಎಂದು ಕೇಳುತ್ತಾರೆ. ಆಗುತ್ತದೆ, ನನ್ನ ಹಜಾರದಲ್ಲೂ ಆಯಿತು. ಆದರೆ ವರ್ಣಮಾಲೆಯಲ್ಲಿ ಮ ಬಂದ ಮೇಲೆ ಯ, ರ, ಲ ದಾಟಿ ವ ಬರುತ್ತದೆ. ಗೊಂದಲ ಅಲ್ಲೂ ಇದೆ, ಅದು ಹೊರಬೀಳುವ ದಿನ ಮಾತ್ರ ಮುಂದಕ್ಕೆ ಹೋಗುತ್ತದೆ. ಒಂದೇ ವಾರದಲ್ಲಿ, ಟೀಚರ ಕಣ್ಣೆದುರೇ ಗೊಂದಲವಾಗಲಿ, ಅಲ್ಲೇ ಬಗೆಹರಿಯಲಿ.

ಮಹಾಪ್ರಾಣದ ಜಗಳವನ್ನೂ ಇಲ್ಲಿ ನೆನೆಯಬೇಕು. ಭಾಷಾವಿಜ್ಞಾನಿ ಡಿ.ಎನ್. ಶಂಕರಭಟ್ಟರು ಕನ್ನಡ ಬರಹಕ್ಕೆ ಮಹಾಪ್ರಾಣ ಬೇಡ ಎಂದಾಗ ಎಷ್ಟು ಗದ್ದಲವಾಯಿತು! ನಲಿ-ಕಲಿಯ ಮೊದಲ ಸಾಲುಗಳಲ್ಲಿ ಒಂದೂ ಮಹಾಪ್ರಾಣವಿಲ್ಲ. ಅಕ್ಷರ ಅಲ್ಲಿ ಕಾಣೆಯಾಗಿಲ್ಲ, ಸರದಿ ಕಾಯುತ್ತಿದೆ. ಪಂಡಿತರಿಂದ ಬಗೆಹರಿಸಲಾಗದ್ದನ್ನು ಒಂದನೇ ತರಗತಿಯ ಮೇಷ್ಟ್ರುಗಳು ಸದ್ದಿಲ್ಲದೆ ಬಗೆಹರಿಸಿದ್ದಾರೆ. ಇದನ್ನು ಗುರುತಿಸಿ ಬರೆದ ವಿಮರ್ಶೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಹಾಗೆಂದು ನಲಿ-ಕಲಿಯ ಎಲ್ಲವನ್ನೂ ಒಪ್ಪುವವನಲ್ಲ ನಾನು. ಐದು ತಟ್ಟೆಗಳ ಯೋಜನೆ ಕಾಗದದ ಮೇಲೆ ಚೆಂದ: ಶಿಕ್ಷಕರ ಪೂರ್ಣ ನೆರವು, ಭಾಗಶಃ ನೆರವು, ಗೆಳೆಯರ ಪೂರ್ಣ ನೆರವು, ಭಾಗಶಃ ನೆರವು, ಕೊನೆಗೆ ಸ್ವಕಲಿಕೆ. ಆದರೆ ಒಂದರಿಂದ ಮೂರನೇ ತರಗತಿಯ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ, ಒಬ್ಬರೇ ಟೀಚರು. ಅವರು ಮೊದಲ ತಟ್ಟೆಯ ಬಳಿ ಕೂತಾಗ ಐದನೇ ತಟ್ಟೆಯ ಮಗು ಕಲಿಯುತ್ತಿದೆಯೋ, ಕಾರ್ಡಿನ ಚಿತ್ರ ನೋಡುತ್ತ ಕೂತಿದೆಯೋ ಹೇಳುವವರಿಲ್ಲ. ಅದರ ಮೇಲೆ ಏಣಿಯಲ್ಲಿ ಪ್ರತಿ ಮಗುವಿನ ಮೆಟ್ಟಿಲು ಗುರುತಿಸುವ ದಾಖಲೆಯ ಕೆಲಸ. ಹೆಗ್ಗಡದೇವನಕೋಟೆಯಲ್ಲಿ ಮೇಷ್ಟ್ರು ತಾನೇ ಬರೆದ ಕಾರ್ಡನ್ನು ಕೈಯಲ್ಲಿ ಹಿಡಿದಿದ್ದ, ಬೇರೆ ಜಿಲ್ಲೆಗಳಿಗೆ ಹೋದದ್ದು ಅಚ್ಚಾದ ಕಾರ್ಡು. ಅದರ ಹಿಂದಿನ ಯೋಚನೆ ಎಲ್ಲರಿಗೂ ತಲುಪಲಿಲ್ಲ. ನಾಲ್ಕನೇ ತರಗತಿಗೆ ಬಂದ ಮಗು ಕಾರ್ಡು ಬಿಟ್ಟು ಒಮ್ಮೆಲೇ ಪಠ್ಯಪುಸ್ತಕದ ಮುಂದೆ ಕೂರಬೇಕು.

ಮೊದಲ ಸಾಲಿಗೂ ಒಂದು ಕೊರತೆಯಿದೆ. ಅಮ್ಮ, ನೀರು, ಮನೆ, ಹಾಲು ಎಂಬ ಮಗುವಿನ ಬಾಯಿಯ ಮಾತೊಂದೂ ಅದರಲ್ಲಿ ಬರೆಯಲಾಗದು. ಎಷ್ಟೋ ಮಕ್ಕಳಿಗೆ ತಮ್ಮ ಹೆಸರು ಬರೆಯಲು ತಿಂಗಳುಗಟ್ಟಲೆ ಕಾಯಬೇಕು. ನಾನು ಮೊದಲ ದಿನವೇ ಹೆಸರನ್ನು ಚಿತ್ರದಂತೆ ಬರೆಸಿಬಿಡುತ್ತೇನೆ. ಹಾಗೆಯೇ ಅಗಸ, ಅರಸರನ್ನು ನಾಗಪುರದ ಮಗು ಕಂಡಿಲ್ಲ, ಕತೆ ಕಟ್ಟಿ ಹೇಳಬೇಕಾಗುತ್ತದೆ. ‘ರಸ’ಕ್ಕೆ ಕತೆ ಬೇಡ. ಬೇಸಿಗೆಯ ಊಟದ ತಟ್ಟೆಯಲ್ಲಿ ಮಾವಿನ ರಸ ಇದ್ದೇ ಇರುತ್ತದೆ.

ನನ್ನ ತೀರ್ಪು ಇಷ್ಟು: ನಲಿ-ಕಲಿಯ ಹೆಸರಾದ ಭಾಗಗಳಿಗೆ ಸಿಕ್ಕ ಮನ್ನಣೆ ಹೆಚ್ಚಾಯಿತು, ಹೆಸರಾಗದ ಈ ಅಕ್ಷರಕ್ರಮಕ್ಕೆ ಸಿಕ್ಕದ್ದು ತೀರ ಕಡಿಮೆ. ತಟ್ಟೆ, ಏಣಿಗಳನ್ನು ನಾಳೆ ಯಾವ ಸರ್ಕಾರವಾದರೂ ಕೈಬಿಡಲಿ, ರ ಗ ಸ ದ ಅ ಉಳಿಯಬೇಕು.

ಹೊರನಾಡಿನ ಕನ್ನಡ ಸಂಘಗಳಲ್ಲಿ ಒಂದು ಬೇಡಿಕೆ. ರಾಜ್ಯೋತ್ಸವಕ್ಕೆ ಮಕ್ಕಳಿಗೆ ಹಂಚುವ ಅ-ಅರಸ, ಆ-ಆನೆಯ ಬಣ್ಣದ ಪುಸ್ತಕವನ್ನು ಈ ವರ್ಷ ನಿಲ್ಲಿಸಿ. ಅದರ ಬದಲು ಐದಕ್ಷರದ ಒಂದು ಹಾಳೆ ಅಚ್ಚು ಹಾಕಿಸಿ, ಕೆಳಗೆ ಎಂಟು ಪದ ಬರೆಯಿರಿ. ಕೊನೆಯ ಅಕ್ಷರವನ್ನು ನುಂಗದೆ ಓದಿಸಿ ಎಂದು ತಾಯಿತಂದೆಯರಿಗೆ ಒಂದು ಸಾಲು ಸೇರಿಸಿ.